ಬಾಳೇಶ ಅಳಿಸಿದ ಬಿರುಕು

ಕೆಂಗೇರಿ ಕಡೆಯ ಖಾಸಗಿ ವಿಶ್ವವಿದ್ಯಾಲಯವೊಂದರ ಪ್ರಚಾರ ವಿಭಾಗದಲ್ಲಿ ಬಾಳೇಶನಿಗೆ ಆರು ವರ್ಷದ ನೌಕರಿ. ಗೋವಿಂದರಾಜನಗರದ ಬಾಡಿಗೆ ಮನೆಯಿಂದ ಬಂದು ಕೂತರೆ ಸಂಜೆಯವರೆಗೂ ಕ್ಯಾಂಪಸ್ಸಿನ ಫೋಟೋಗಳನ್ನು ತಿದ್ದುವ ಕೆಲಸ. ಒಣಗಿದ ಹುಲ್ಲಿಗೆ ಹಸಿರು ಬಳಿಯುತ್ತಿದ್ದ, ಬೀದಿನಾಯಿಗಳನ್ನು ಮಾಯ ಮಾಡುತ್ತಿದ್ದ. ಅದಕ್ಕೆಲ್ಲ ಅವನಿಗೆ ಅಳುಕಿರಲಿಲ್ಲ.

ಅಳುಕಿದ್ದದ್ದು ಗ್ರಂಥಾಲಯದ ಗೋಡೆಯ ಬಿರುಕಿಗೆ. ಮೊದಲ ವರ್ಷ ಅದು ಕಿಟಕಿಯ ಮೂಲೆಯಲ್ಲಿ ಕೂದಲೆಳೆಯಷ್ಟಿತ್ತು. ಒಂದೇ ಕ್ಲಿಕ್ಕಿಗೆ ಅಳಿಸಿಹೋಯಿತು. ಪ್ರತಿ ವರ್ಷ ಬ್ರೋಷರಿಗೆಂದು ಅದೇ ಗೋಡೆಯ ಹೊಸ ಫೋಟೋ ಬರುತ್ತಿತ್ತು, ಅಳಿಸುವ ಕೆಲಸ ಹೆಚ್ಚುತ್ತಿತ್ತು. ಈ ಸಲ ಅರ್ಧ ದಿನ ಹಿಡಿಯಿತು. ಬಿರುಕು ನೆಲಕ್ಕೇ ಇಳಿದಿತ್ತು.

ಮುಖ್ಯಸ್ಥೆ ಚೇತನಾ ಅವರಿಗೆ ಆರೂ ಫೋಟೋಗಳನ್ನು ಸಾಲಾಗಿ ತೋರಿಸಿದ. "ಮೇಡಂ, ಇದು ಭಾಳ ಬೆಳ್ದೈತ್ರಿ. ಮ್ಯಾಲಿನವರಿಗೆ ಹೇಳ್ರಿ."

ಅವರು ಬಹಳ ಹೊತ್ತು ನೋಡಿದರು. "ಖಂಡಿತ ಹೇಳ್ತೀನಿ ಬಾಳೇಶ್."

ಹೇಳಿದ್ದೇನೋ ನಿಜ. ಸೋಮವಾರ ಅವನು ಬರುವಷ್ಟರಲ್ಲಿ ಗೋಡೆಯುದ್ದಕ್ಕೂ ಮೂರು ಮಹಡಿಯೆತ್ತರದ ಫ್ಲೆಕ್ಸ್ ಬಿಗಿದಿದ್ದರು. ಅದರ ಮೇಲಿದ್ದದ್ದು ಅವನೇ ತಿದ್ದಿದ ಫೋಟೋ: ಬಿರುಕಿಲ್ಲದ ಅದೇ ಗೋಡೆ.

"ಸೂಪರಾಗಿ ಬಂದಿದೆ ಅಲ್ವಾ? ಮ್ಯಾನೇಜ್‌ಮೆಂಟ್‌ನೋರಿಗೂ ತುಂಬಾ ಖುಷಿ," ಎಂದು ಚೇತನಾ ನಕ್ಕು ಹೋದರು.

ಅದು ಪರೀಕ್ಷೆಯ ವಾರ, ಒಳಗೆ ಮಕ್ಕಳು ಕಿಕ್ಕಿರಿದಿದ್ದರು. ಎಲೆಯೂ ಅಲುಗದಿದ್ದರೂ ಫ್ಲೆಕ್ಸ್ ಮೆಲ್ಲಗೆ ಹೊರಕ್ಕೆ ಉಬ್ಬುತ್ತಿತ್ತು. ಬಾಳೇಶ ಅದರ ಅಂಚನ್ನೆತ್ತಿ ಬಿರುಕಿಗೆ ಬೆರಳಿಟ್ಟ. ಬೆರಳು ಬುಡದವರೆಗೂ ಒಳಹೋಯಿತು. ಕಿವಿಯಿಟ್ಟ. ಆಚೆ ಬದಿಯಲ್ಲಿ ಯಾರೋ ಪುಟ ತಿರುವಿದ್ದು ಸ್ಪಷ್ಟವಾಗಿ ಕೇಳಿಸಿತು.