ಜುಂಜಪ್ಪನ ದಿನ ಶುರುವಾಗುವ ಹೊತ್ತು

ಬಬ್ಬೂರಿನ ಜುಂಜಪ್ಪನನ್ನು ಯಾರಾದರೂ ಏನಪ್ಪ ಕೆಲಸ ಅಂತ ಕೇಳಿದರೆ ಅವನು ಒಂದು ಗಳಿಗೆ ತಡವರಿಸುತ್ತಿದ್ದ. ಆಮೇಲೆ "ದಾಳಿಂಬೆ ನರ್ಸರಿಯಾಗೆ ಇದೀನಿ" ಅನ್ನುತ್ತಿದ್ದ. ಇದ್ದು ಏನು ಮಾಡುತ್ತಾನೆ ಅನ್ನುವುದು ಮಾತ್ರ ಬಾಯಿಂದ ಬರುತ್ತಿರಲಿಲ್ಲ. ಹೇಳುವಂಥದ್ದಾದರೂ ಏನಿದೆ? ಕಸಿ ಕಟ್ಟುವ ಹೆಂಗಸರಿಗೆ ಕೈಚಳಕ ಬೇಕು, ಔಷಧಿ ಹೊಡೆಯುವವನಿಗೆ ಅಳತೆ ಗೊತ್ತಿರಬೇಕು, ಲಾರಿಗೆ ಸಸಿ ತುಂಬುವವರಿಗೆ ರಟ್ಟೆಯಲ್ಲಿ ಕಸುವಿರಬೇಕು. ಇವನು ಮೋಟಾರು ಹಾಕಿ ನೀರು ಬಿಡುತ್ತಾನೆ. ಹರಿಯುವುದು ನೀರಿನ ಗುಣ, ಅದರಲ್ಲಿ ನನ್ನದೇನು ದೊಡ್ಡಸ್ತಿಕೆ ಅನ್ನುವ ಪೈಕಿ ಅವನು.

ಆ ದೊಡ್ಡಸ್ತಿಕೆಯಿಲ್ಲದ ಕೆಲಸ ಹೀಗಿತ್ತು ನೋಡಿ. ನರ್ಸರಿಯ ಲೈನಿಗೆ ಮೂರು ಫೇಸ್ ಕರೆಂಟು ಬರುವುದು ಬೆಳಗಿನ ಜಾವ ನಾಲ್ಕಕ್ಕೆ, ಹೋಗುವುದು ಹನ್ನೊಂದಕ್ಕೆ. ಮೂರೂವರೆಗೆ ಎದ್ದು, ಹೆಂಡತಿ ಈರಕ್ಕ ಕೊಟ್ಟ ಟೀ ಕುಡಿದು, ಒಂದು ಕೈಯಲ್ಲಿ ಬ್ಯಾಟರಿ, ಇನ್ನೊಂದು ಕೈಯಲ್ಲಿ ಹಾವಿನ ಭಯಕ್ಕೆ ಕೋಲು ಹಿಡಿದು ಜುಂಜಪ್ಪ ನಡೆಯುತ್ತಿದ್ದ. ನರ್ಸರಿಯಲ್ಲಿ ಹದಿನಾಲ್ಕು ಗೇಟ್‌ವಾಲ್ವುಗಳಿದ್ದವು. ಅರ್ಧ ಗಂಟೆಗೊಂದರಂತೆ ಒಂದನ್ನು ಮುಚ್ಚಿ ಮತ್ತೊಂದನ್ನು ತಿರುವಬೇಕು, ತಿರುವಿದ ಮೇಲೆ ಸಾಲುದ್ದಕ್ಕೂ ಬಗ್ಗಿ ಪ್ರತಿ ಸಸಿಯ ಬುಡಕ್ಕೂ ನೀರು ತೊಟ್ಟಿಕ್ಕುತ್ತಿದೆಯೇ ಅಂತ ನೋಡಬೇಕು. ಕರೆಂಟು ಹೋದ ಮೇಲೆ ಫಿಲ್ಟರ್ ತೊಳೆಯುವುದು, ಅಳಿಲು ಕಡಿದ ಪೈಪಿಗೆ ತುಂಡು ಜೋಡಿಸುವುದು. ಸಂಜೆ ಐದಕ್ಕೆ ಹೆಂಗಸರು ಸೆರಗು ಕೊಡವಿಕೊಂಡು ಹೊರಟಾಗ ಇವನೂ ಅವರ ಹಿಂದೆ ಹೊರಡುತ್ತಿದ್ದ. ಐದರ ತನಕ ಇರು ಅಂತ ಯಾರೂ ಹೇಳಿರಲಿಲ್ಲ, ಹೋಗು ಅಂತಲೂ ಹೇಳಿರಲಿಲ್ಲ. ಹಿಂಗೆ ಹತ್ತೊಂಬತ್ತು ವರ್ಷ ಕಳೆದಿತ್ತು.

ಮಾಲೀಕರದು ಇಂಥವೇ ಮೂರು ನರ್ಸರಿ, ಬಬ್ಬೂರಿನದು ಬಿಟ್ಟರೆ ಹೊಸದುರ್ಗದ ಕಡೆ ಎರಡು. ಆಫೀಸು ಜಿಲ್ಲಾಕೇಂದ್ರವಾದ ದುರ್ಗದಲ್ಲಿ. ಯಾರು ಎಷ್ಟು ಹೊತ್ತಿಗೆ ಏನು ಮಾಡುತ್ತಾರೆ ಅನ್ನುವುದು ಕೂತಲ್ಲೇ ಕಾಣಲಿ ಅಂತ ಆಫೀಸಿನವರು ಮಾರ್ಚ್ ತಿಂಗಳಲ್ಲಿ ಒಂದು ಸಾಫ್ಟ್‌ವೇರ್ ತಂದರು. ಮೋಟಾರಿನ ಸ್ಟಾರ್ಟರ್ ಪೆಟ್ಟಿಗೆಗೂ ಸಿಮ್ಮು ಹಾಕಿದ ಒಂದು ಡಬ್ಬಿ ಕೂರಿಸಿದರು. ಮೋಟಾರು ಎಷ್ಟು ಹೊತ್ತಿಗೆ ಹತ್ತಿತು, ಎಷ್ಟು ಹೊತ್ತಿಗೆ ಆರಿತು ಅಂತ ಅದು ತನ್ನಷ್ಟಕ್ಕೆ ದುರ್ಗಕ್ಕೆ ಸುದ್ದಿ ಕಳಿಸುತ್ತಿತ್ತು.

ಎಲ್ಲರ ಹೆಸರು ತುಂಬುವ ಕೆಲಸ ಮೇಘಶ್ರೀಯ ಪಾಲಿಗೆ ಬಂತು. ಹೊಳಲ್ಕೆರೆ ಕಡೆಯ ಹುಡುಗಿ, ತೋಟಗಾರಿಕೆ ಡಿಪ್ಲೊಮಾ ಮಾಡಿ ಸೂಪರ್‌ವೈಸರ್ ಆಗಿ ಬಂದು ಮೂರು ವಾರವಾಗಿತ್ತು. ಹಿರಿಯೂರಿನ ಬಸ್ಸಿಳಿದು ಅವಳು ಒಳಗೆ ಬರುವಾಗ ಒಂಬತ್ತಾಗಿರುತ್ತಿತ್ತು. ಪಂಪ್‌ಮನೆಯ ನೆರಳಲ್ಲಿ ಕೂತು, ಮೊಬೈಲಿನಲ್ಲಿ ಒಬ್ಬೊಬ್ಬರ ಹೆಸರು ತೆರೆದು ಕೇಳುತ್ತ ಹೋದಳು. ಪ್ರತಿಯೊಬ್ಬರಿಗೂ ಅದೇ ಮೊದಲ ಪ್ರಶ್ನೆ: ಕೆಲಸದ ದಿನ ಎಷ್ಟು ಗಂಟೆಗೆ ಶುರು?

"ನಿಮ್ದು ಎಷ್ಟಕ್ಕೆ ಬರೀಲಿ ಜುಂಜಣ್ಣ?"

"ಒಂಬತ್ತು ಹಾಕವ್ವ."

"ಒಂಬತ್ತಕ್ಕಾ? ಅದಕ್ಕೂ ಮುಂಚೇನೇ ಬಂದಿರ್ತೀರಲ್ಲ?"

"ಅದೇನು ಕೆಲಸ ಬಿಡವ್ವ, ನೀರು ಬಿಡಾದು. ಎಲ್ರಿಗೂ ಹೆಂಗೋ ನಂಗೂ ಹಂಗೇ ಹಾಕು."

ಅವಳು ಹಾಕಿದಳು. ಹೊಸಬಳು, ಹಿರಿಯರು ಹೇಳಿದ ಮಾತು, ಎದುರಾಡಲಿಲ್ಲ. ಒಮ್ಮೆ ಒತ್ತಿದರೆ ಮುಗಿಯಿತು, ಬದಲಾಯಿಸುವ ಕೀಲಿ ದುರ್ಗದ ಆಫೀಸಿನಲ್ಲಿತ್ತು.

ಒಂದೂವರೆ ತಿಂಗಳು ಕಳೆಯಿತು. ಏಪ್ರಿಲ್ ಕೊನೆಯ ಒಂದು ಬೆಳಗ್ಗೆ ಮೇಘಶ್ರೀ ಬಸ್ಸಿಳಿದವಳೇ ಬ್ಯಾಗೂ ಇಳಿಸದೆ ನೆಟ್ಟಗೆ ಹನ್ನೊಂದನೆಯ ವಾಲ್ವಿನ ಹತ್ತಿರ ಬಂದಳು. ಮೂರು ನರ್ಸರಿಯಿಂದಲೂ ಬೇಡವಾದವರ ಒಂದು ಪಟ್ಟಿ ತಯಾರಾಗಿತ್ತು. ಅದರಲ್ಲಿ ಜುಂಜಪ್ಪನ ಹೆಸರಿತ್ತು. ಅವನ ದಿನವನ್ನು ಸಾಫ್ಟ್‌ವೇರ್ ಒಂಬತ್ತರಿಂದ ತೋರಿಸುತ್ತಿತ್ತು, ಮೋಟಾರು ಹನ್ನೊಂದಕ್ಕೆ ಆರುತ್ತಿತ್ತು. ಅಲ್ಲಿಗೆ ಎರಡು ಗಂಟೆ. ಮಧ್ಯಾಹ್ನ ಫಿಲ್ಟರ್ ತೊಳೆದದ್ದು, ಪೈಪು ಕಟ್ಟಿದ್ದು ಯಾರೂ ಹೇಳಿ ಮಾಡಿಸಿದ ಕೆಲಸವಲ್ಲವಾದ್ದರಿಂದ ಎಲ್ಲೂ ದಾಖಲಾಗಿರಲಿಲ್ಲ. ದಿನಕ್ಕೆ ಎರಡು ಗಂಟೆಯ ಮನುಷ್ಯ ಯಾತಕ್ಕೆ, ಮೊಬೈಲಿನಲ್ಲೇ ಮೋಟಾರು ಹಾಕಿದರಾಯಿತು ಅಂತ ಆಫೀಸು ತೀರ್ಮಾನಿಸಿತ್ತು.

"ನೀವು ಮುಂಚೇನೇ ಬರ್ತೀರಿ ಅಂತ ನಾನು ಫೋನ್ ಮಾಡಿ ಹೇಳ್ದೆ ಜುಂಜಣ್ಣ. ಒಂಬತ್ತು ಅಂದಿದ್ದು ಅವ್ರೇ ಅಲ್ವಾ, ಅವ್ರೇ ಬಂದು ಹೇಳ್ಲಿ ಅಂತಾರೆ. ನಾಳೇನೇ ಹೋಗಿ ಬರ್ರಿ."

ಜುಂಜಪ್ಪ ಹೂಂ ಅಂದ. ಅವನಿಗೆ ಭಯವಾಯಿತು. ಐವತ್ತಾರರ ವಯಸ್ಸಿನಲ್ಲಿ ಇನ್ನೊಂದು ಕಡೆ ಹೋಗಿ ನೀರು ಬಿಡ್ತೀನಿ ಅಂದರೆ ಯಾರು ಇಟ್ಟುಕೊಳ್ಳುತ್ತಾರೆ? ಆದರೆ ಆ ಭಯಕ್ಕಿಂತ ನಾಚಿಕೆಯೇ ಒಂದು ಕೈ ಹೆಚ್ಚಾಗಿತ್ತು. ಆಫೀಸಿನವರ ಮುಂದೆ ನಿಂತು ನಾನು ಇಷ್ಟು ದುಡಿತೀನಿ, ಅಷ್ಟು ದುಡಿತೀನಿ ಅಂತ ತನ್ನ ಬಾಯಲ್ಲೇ ಹೇಳಿಕೊಳ್ಳುವುದೇ? ಸಂಜೆ ಮನೆಯಲ್ಲಿ ಇದನ್ನೇ ಅಂದ.

ಈರಕ್ಕ ರಾಗಿ ಮುದ್ದೆ ತೊಳಸುತ್ತಿದ್ದವಳು ಕೋಲು ನಿಲ್ಲಿಸದೆಯೇ ಬೈದಳು. "ಅಳದಿದ್ರೆ ಹೆತ್ತ ತಾಯಿನೂ ಹಾಲು ಕೊಡಲ್ಲ. ಒಂಬತ್ತು ಅಂತ ಹೇಳಾಕೆ ನಾಚಿಕೆ ಆಗ್ಲಿಲ್ಲ, ನಿಜ ಹೇಳಾಕೆ ನಾಚಿಕೆನಾ? ದಿನಾ ಮೂರೂವರೆಗೆ ಟೀ ಕಾಸಿ ಕೊಟ್ಟಿದ್ದು ಯಾರಿಗೆ, ನಮ್ಮನೆ ಕಂಬಕ್ಕಾ?"

ಮರುದಿನ ಕರೆಂಟು ಹೋಗುವ ತನಕ ನೀರು ಬಿಟ್ಟು, ಕಾಲು ತೊಳೆದು, ಒಗೆದ ಅಂಗಿ ಹಾಕಿಕೊಂಡು ಅವನು ದುರ್ಗದ ಬಸ್ಸು ಹತ್ತಿದ. ದಾರಿಯುದ್ದಕ್ಕೂ ಏನು ಹೇಳಬೇಕು ಅಂತ ಮನಸ್ಸಿನಲ್ಲೇ ಕಟ್ಟಿದ. ಐಮಂಗಲ ದಾಟುವ ಹೊತ್ತಿಗೆ ಕಟ್ಟಿದ್ದು ಮರೆತುಹೋಗಿ ಮತ್ತೆ ಮೊದಲಿನಿಂದ ಕಟ್ಟಿದ.

ಮ್ಯಾನೇಜರ್ ಲಕ್ಷ್ಮೀಕಾಂತ್ ಕೆಟ್ಟ ಮನುಷ್ಯನೇನಲ್ಲ. ಕುರ್ಚಿ ತೋರಿಸಿ "ಕುಂತ್ಕಳ್ರಿ" ಅಂದರು. ಜುಂಜಪ್ಪ ನಿಂತೇ ಇದ್ದ. ಬಸ್ಸಿನಲ್ಲಿ ಕಟ್ಟಿದ್ದರಲ್ಲಿ ಒಂದು ಅಕ್ಷರವೂ ನಾಲಿಗೆಗೆ ಬರಲಿಲ್ಲ.

"ಸಾರ್, ನಾನು ತಪ್ಪು ಹೇಳ್ಬಿಟ್ಟೀನಿ" ಅಂದ. "ನಾಕಕ್ಕೆ ಬರ್ತೀನಿ."

"ನಾಲ್ಕಕ್ಕೆ? ಬೆಳಗಿನ ಜಾವನಾ? ಮತ್ತೆ ಒಂಬತ್ತು ಅಂತ ಯಾಕೆ ಬರೆಸಿದ್ರಿ?"

"ಕೆಲಸ ಎಷ್ಟಕ್ಕೆ ಶುರು ಅಂತ ಕೇಳಿದ್ರು ಸಾರ್. ನೀರು ಬಿಡಾದನ್ನ ಕೆಲಸ ಅಂತ ಯಾರೂ ಅಂದಿರಲಿಲ್ಲ. ನಾನೂ ಅಂದಿರಲಿಲ್ಲ."

ಮ್ಯಾನೇಜರ್ ಕಂಪ್ಯೂಟರಿನಲ್ಲಿ ಜುಂಜಪ್ಪನ ಹೆಸರು ತೆಗೆದರು. ತಿಂಗಳಿನ ಒಂದೊಂದು ದಿನಕ್ಕೂ ಒಂದೊಂದು ಚೌಕ, ಪ್ರತಿ ಚೌಕದ ನೆತ್ತಿಯಲ್ಲಿ ಬೆರಳಗಲದ ನೀಲಿ ಪಟ್ಟಿ, ಕೆಳಗೆಲ್ಲ ಬಿಳಿ. ದಿನದ ಆರಂಭ ಅನ್ನುವ ಕಡೆ ಒಂಬತ್ತನ್ನು ಅಳಿಸಿ ನಾಲ್ಕು ಅಂತ ಒತ್ತಿದರು.

ಮೋಟಾರಿನ ಡಬ್ಬಿ ಒಂದು ದಿನವೂ ಸುಮ್ಮನೆ ಕೂತಿರಲಿಲ್ಲವಲ್ಲ, ನಾಲ್ಕರಿಂದ ಕಳಿಸಿದ ಸುದ್ದಿಯೆಲ್ಲ ಒಳಗೇ ಇತ್ತು. ಒಂಬತ್ತಕ್ಕೆ ಮುಂಚಿನದನ್ನು ತೋರಿಸು ಅಂತ ಯಾರೂ ಕೇಳಿರಲಿಲ್ಲ, ಅಷ್ಟೇ. ನೀಲಿ ಪಟ್ಟಿಗಳು ಒಂದೇ ಸಲಕ್ಕೆ ಕೆಳಕ್ಕೆ ಬೆಳೆದವು. ಸೋಮವಾರ, ಮಂಗಳವಾರ, ಭಾನುವಾರ, ಎಲ್ಲ ಚೌಕದಲ್ಲೂ ನಾಲ್ಕರಿಂದ ಹನ್ನೊಂದರವರೆಗೆ. ಲಕ್ಷ್ಮೀಕಾಂತ್ ಹಿಂದಿನ ತಿಂಗಳನ್ನೂ ತೆರೆದರು. ಅದೂ ಹಾಗೇ ಇತ್ತು. ಒಂದು ಚೌಕದ ಮೇಲೆ ಬೆರಳಿಟ್ಟರು.

"ಇದು ಯುಗಾದಿ ದಿನ."

"ಹೌದು ಸಾರ್."

"ಹಬ್ಬದ ದಿನಾನೂ ನಾಲ್ಕಕ್ಕೇ ಬಂದಿದ್ರಾ?"

"ಬ್ಯಾಸಿಗೆ ಸಾರ್. ಎಳೇ ಸಸಿ, ಒಂದಿನ ತಪ್ಪಿದ್ರೆ ಬಾಡ್ತಾವೆ."

ಲಕ್ಷ್ಮೀಕಾಂತ್ ಮೇಜಿನ ಮೇಲಿದ್ದ ಬೇಡವಾದವರ ಪಟ್ಟಿ ತೆಗೆದುಕೊಂಡು ಒಂದು ಹೆಸರಿನ ಮೇಲೆ ಗೆರೆ ಎಳೆದರು. ಕೆಲಸ ಉಳಿಯಿತು. ಇನ್ನೊಂದು ಮಾತನ್ನೂ ಹೇಳಿದರು: ಎಂಟು ಗಂಟೆಗಿಂತ ಹೆಚ್ಚು ಯಾರೂ ಮಾಡುವ ಹಾಗಿಲ್ಲ, ನಾಲ್ಕಕ್ಕೆ ಶುರುವಾದರೆ ಹನ್ನೆರಡಕ್ಕೆ ಮುಗಿಯುತ್ತದೆ, ನಾಳೆಯಿಂದ ಮಧ್ಯಾಹ್ನ ಮನೆಗೆ ಹೊರಡಬೇಕು. ಅದರಾಚೆಗೆ ಏನು ಕೆಲಸವಿದ್ದರೂ ಬೇರೆಯವರನ್ನು ಹಾಕುತ್ತೇವೆ.

ಜುಂಜಪ್ಪ ತಲೆಯಾಡಿಸಿದ. ಮಧ್ಯಾಹ್ನವೇ ಹೊರಡಬೇಕು ಅನ್ನುವ ಮಾತು ಮಾತ್ರ ಅವನ ತಲೆಗೆ ಸರಿಯಾಗಿ ಇಳಿಯಲಿಲ್ಲ. ರಾತ್ರಿ ಈರಕ್ಕನಿಗೂ "ತೆಗೆಯಲ್ಲಂತೆ" ಅಂತಷ್ಟೇ ಹೇಳಿದ. ಆಫೀಸಿನವರು ಬಾಯಿಮಾತಿಗೆ ಏನೋ ಅಂದಿರಬೇಕು, ಮಧ್ಯಾಹ್ನಕ್ಕೆ ಯಾರು ಬಿಡುತ್ತಾರೆ ಅನ್ನುವುದು ಅವನ ನಂಬಿಕೆ.

ಮರುದಿನ ಹನ್ನೆರಡಕ್ಕೆ ಸರಿಯಾಗಿ ಮೇಘಶ್ರೀ ಬಂದು ಅವನ ಕೈಯಲ್ಲಿದ್ದ ಪಾನಾ ಇಸ್ಕೊಂಡಳು. "ಹೊರಡ್ರಿ ಜುಂಜಣ್ಣ, ಟೈಮ್ ಆಯ್ತು." ಕಸಿ ಕಟ್ಟುತ್ತಿದ್ದ ಹೆಂಗಸರು ಬಿಡುತ್ತಾರೆಯೇ? "ನೋಡ್ರೇ, ಜುಂಜಣ್ಣ ಆಫೀಸರ್ ಆಗೌನೆ, ಊಟದ ಹೊತ್ತಿಗೇ ಮನಿಗೆ ಹೊಂಟ" ಅಂತ ನಕ್ಕರು. ಅವನು ಎರಡು ಸಲ ತಿರುಗಿ ನೋಡಿ, ಯಾರೂ ಕರೆಯದಿದ್ದದ್ದಕ್ಕೆ ಮುಂದೆ ನಡೆದ. ಹಿಂದೆ ಯಾವತ್ತಾದರೂ ಆ ದಾರಿಯಲ್ಲಿ ನಡುನೆತ್ತಿಯ ಬಿಸಿಲಲ್ಲಿ ಮನೆ ಕಡೆಗೆ ನಡೆದದ್ದೇ ಅವನಿಗೆ ನೆನಪಿರಲಿಲ್ಲ.

ಬಾಗಿಲಲ್ಲಿ ಅವನನ್ನು ಕಂಡ ಈರಕ್ಕ ದಡಬಡಿಸಿ ಎದ್ದು ಬಂದಳು. "ತೆಗೆದ್ಬಿಟ್ರಾ?"

"ಇಲ್ಲ ಕಣೆ. ಇವತ್ತಿಂದು ಮುಗೀತಂತೆ."

ಅವಳು ನಂಬಲಿಲ್ಲ. ಇನ್ನೊಂದು ಸಲ ಬಿಡಿಸಿ ಹೇಳಿದ ಮೇಲೆ ನಂಬಿದಳು, ಊಟಕ್ಕಿಟ್ಟಳು. ಉಂಡು, ಒಂದು ನಿಮಿಷ ಬೆನ್ನು ಚಾಚೋಣ ಅಂತ ಚಾಪೆಯ ಮೇಲೆ ಒರಗಿದ ಜುಂಜಪ್ಪ ಹಾಗೇ ನಿದ್ದೆ ಹೋದ. ಎಂಥಾ ನಿದ್ದೆ ಅಂದರೆ, ಕಾಲಿನ ಮೇಲೆ ನೊಣ ಕೂತರೂ ಕಾಲು ಅಲುಗಲಿಲ್ಲ. ಈರಕ್ಕ ಪಕ್ಕದಲ್ಲೇ ಕೂತು ನೋಡಿದಳು. ಹಗಲು ಬೆಳಕಿನಲ್ಲಿ ಗಂಡನ ಮುಖ ಇಷ್ಟು ಹೊತ್ತು ನೋಡಿ ಎಷ್ಟು ವರ್ಷವಾಗಿತ್ತೋ. ಇಷ್ಟು ದಣಿದಿದ್ದಾನೆ ಅಂತ ತನಗೂ ಗೊತ್ತಿರಲಿಲ್ಲವಲ್ಲ ಅನ್ನಿಸಿ ಅವಳಿಗೆ ಸಂಕಟವಾಯಿತು.

ನಾಲ್ಕು ಗಂಟೆಯ ಸುಮಾರಿಗೆ ಪಕ್ಕದ ಮನೆಯ ಪಾಲಮ್ಮ ಹೆಪ್ಪಿಗೆ ಮಜ್ಜಿಗೆ ಕೇಳಿಕೊಂಡು ಬಂದಳು. ಚಾಪೆಯ ಮೇಲಿದ್ದವನನ್ನು ಕಂಡು ಹೊಸಿಲಲ್ಲೇ ನಿಂತಳು.

"ಏನೇ ಈರಕ್ಕ, ಹುಷಾರಿಲ್ವಾ? ಈ ಹೊತ್ತಿನಾಗೆ ಮಲಗೌನೆ."

"ಹುಷಾರಾಗೇ ಔನೆ" ಅಂದಳು ಈರಕ್ಕ. "ಕೆಲಸ ಮಾಡಿ ಬಂದೌನೆ. ಮೆಲ್ಲಗೆ ಮಾತಾಡು."