ಫೋಟೋ ಮಾವನ ಹೊಸ ಕೂದಲು

ಬೀದಿಯವರೆಲ್ಲ ಫೋಟೋ ಮಾವ ಎಂದೇ ಕರೆಯುತ್ತಿದ್ದ ಆ ಮನುಷ್ಯ ಅರ್ಧ ಆಯಸ್ಸನ್ನು ಬೇರೆಯವರ ತಲೆ ಸರಿಮಾಡಿಸುವುದರಲ್ಲೇ ಕಳೆದಿದ್ದ. ಪಾಸ್‌ಪೋರ್ಟ್ ಅಳತೆಯ ಫೋಟೋಗೆ ಬಂದವರನ್ನು ಸ್ಟೂಲಿನ ಮೇಲೆ ಕೂರಿಸಿ, ಕೂದಲು ಸ್ವಲ್ಪ ಬಾಚಿಕೊಳ್ಳಿ ಎಂದು ಕನ್ನಡಿಯ ಪಕ್ಕದ ಬಾಚಣಿಗೆ ತೋರಿಸುವುದು ಅವನ ರೂಢಿ. ಅವನ ನೆತ್ತಿಯೇ ಬೋಳಾದ ಮೇಲೆ ಆ ಮಾತಿಗೆ ಗಿರಾಕಿಗಳು ಮುಸಿಮುಸಿ ನಗತೊಡಗಿದರು. ಒಬ್ಬನಂತೂ, ಈ ಬಾಚಣಿಗೆ ನಿಮಗಿನ್ನು ಯಾಕೆ ಮಾವ, ನನಗೇ ಕೊಟ್ಟುಬಿಡಿ ಎಂದ. ಮಾವ ಅವನ ಜೊತೆ ತಾನೂ ನಕ್ಕ. ರಾತ್ರಿ ಊಟ ಸೇರಲಿಲ್ಲ.

ಕೊನೆಗೆ ಹೆಂಡತಿಯಿಂದ ಬೈಸಿಕೊಂಡೇ ಆಪರೇಷನ್ ಮಾಡಿಸಿ, ಹಿಂದಲೆಯ ಕೂದಲನ್ನು ನೆತ್ತಿಗೆ ನೆಡಿಸಿಕೊಂಡ. ನೆಟ್ಟದ್ದು ಮೊದಲು ಉದುರುತ್ತದೆ, ಆಮೇಲೆ ಬರುತ್ತದೆ ಎಂದಿದ್ದರು ಡಾಕ್ಟರು. ಉದುರುವುದೇನೋ ಹೇಳಿದ ಹಾಗೇ ಉದುರಿತು; ಬರಬೇಕಾದ್ದು ವರ್ಷ ಕಳೆದರೂ ಬರಲಿಲ್ಲ. ಇನ್ನು ತಲೆಯ ವಿಷಯಕ್ಕೆ ಡಾಕ್ಟರ ಹತ್ತಿರ ಹೋದರೆ ನನ್ನಾಣೆ ಎಂದಳು ಹೆಂಡತಿ. ಮಾವ ತಲೆಯಾಡಿಸಿದ, ಆದರೂ ಗುಟ್ಟಾಗಿ ಹೋದ. ಅಲ್ಲಿ ಹೊಸ ಔಷಧವೊಂದರ ಪ್ರಯೋಗ ನಡೆಯುತ್ತಿತ್ತು. ಎಣ್ಣೆಯಂತೆ ಜಿಡ್ಡಾದದ್ದು, ದಿನಾ ತಲೆಗೆ ಹಚ್ಚಬೇಕು. ಗರ್ಭಿಣಿಯರು ಇದನ್ನು ಮುಟ್ಟಬಾರದು, ಹಚ್ಚಿದ ತಲೆಯನ್ನೂ ಮುಟ್ಟಬಾರದು, ಮಗುವಿನ ಅಂಗಾಂಗಕ್ಕೇ ಕುತ್ತು ಬರಬಹುದು ಎಂದು ಡಾಕ್ಟರು ಒತ್ತಿ ಹೇಳಿದರು. ನಮ್ಮನೆಯಲ್ಲಿ ಇರುವವರು ನಾವಿಬ್ಬರೇ, ಅವಳಿಗಂತೂ ಆ ವಯಸ್ಸಿಲ್ಲ ಎಂದು ಮಾವ ತಮಾಷೆ ಮಾಡಿದ. ಮನೆಗೆ ಬಂದವನೇ ಔಷಧವನ್ನು ತಲೆಗೆ ಹಚ್ಚುವ ಎಣ್ಣೆಯ ಖಾಲಿ ಬಾಟಲಿಗೆ ಸುರಿದು, ಏನೂ ಅರಿಯದವನಂತೆ ಬಚ್ಚಲಿನ ಗೂಡಿನಲ್ಲಿಟ್ಟ.

ಸ್ವಲ್ಪ ದಿನಕ್ಕೆ ಗಂಡನ ಮನೆಯಿಂದ ಮಗಳು ಬಂದಳು. ಮೂರು ತಿಂಗಳ ಬಸುರಿ, ವಾಂತಿಯಿಂದ ಹೈರಾಣಾಗಿದ್ದಳು. ಚಿಕ್ಕಂದಿನಿಂದಲೂ ಅಪ್ಪ ಸ್ಟುಡಿಯೋ ಮುಚ್ಚಿ ಬಂದು ಕುರ್ಚಿಗೆ ಒರಗಿದರೆ ಅವನ ತಲೆ ಒತ್ತುವುದು ಅವಳ ಪ್ರೀತಿಯ ಕೆಲಸ. ಗೂಡಿನಿಂದ ಆ ಬಾಟಲಿ ತಂದು, ಅಂಗೈ ತುಂಬ ಸುರಿದುಕೊಂಡು ತಿಕ್ಕಿದಳು. ಮಾವನಿಗೆ ಹಾಯೆನಿಸಿತು. ಔಷಧ ಹಚ್ಚಿಕೊಳ್ಳುವ ಶ್ರಮವೂ ತಪ್ಪಿತಲ್ಲ ಎಂದು ಒಳಗೊಳಗೇ ಖುಷಿಪಟ್ಟ. ಡಾಕ್ಟರ ಮಾತು ಅವನಿಗೆ ನೆನಪೇ ಆಗಲಿಲ್ಲ. ದಿನಾ ಸಂಜೆ ಹೀಗೇ ನಡೆಯಿತು.

ಅವನು ತಪಾಸಣೆಗೆ ಹೋದಾಗ ನರ್ಸ್ ಎಂದಿನ ಪ್ರಶ್ನೆ ಕೇಳಿದಳು: "ಮನೇಲಿ ಯಾರಾದ್ರೂ ಗರ್ಭಿಣಿ ಇದಾರಾ?"

"ಇಲ್ಲಮ್ಮ," ಎಂದ ಮಾವ. ಪ್ರತಿ ಸಲ ಹೇಳಿ ಅಭ್ಯಾಸವಾದ ಉತ್ತರ, ತಾನಾಗಿ ಬಂತು. ಬಂದ ಮರುಕ್ಷಣ ಮಗಳು ನೆನಪಾದಳು. ಅಷ್ಟರಲ್ಲಿ ನರ್ಸ್ ಮುಂದಿನವರನ್ನು ಕರೆದಿದ್ದಳು. ತಿದ್ದಿ ಹೇಳದೆಯೇ ಮಾವ ಮೆಟ್ಟಿಲಿಳಿದ.

ಮನೆ ಸೇರಿದ ಕೂಡಲೇ ಬಾಟಲಿ ಚೆಲ್ಲಿಬಿಡಬೇಕೆಂದು ಬಂದರೆ, ಮಗಳು ಅದನ್ನೇ ಹಿಡಿದು ಕುರ್ಚಿಯ ಹಿಂದೆ ಕಾದಿದ್ದಳು. ಹೆಂಡತಿ ಅಲ್ಲೇ ಬಟ್ಟೆ ಮಡಚುತ್ತಿದ್ದಳು. ಬಾಯಿಬಿಟ್ಟರೆ ಆಣೆ ಮುರಿದದ್ದು ಬಯಲಾಗುತ್ತದೆ. ಆಣೆ ಹಾಳಾಗಲಿ, ಇಷ್ಟು ದಿನ ನಿನ್ನ ಕೈಗೆ ಏನು ಅಂಟಿತು ಗೊತ್ತಾ ಎಂದು ಮಗಳ ಮುಖ ನೋಡಿ ಹೇಳುವುದು ಹೇಗೆ? ಇವತ್ತು ಬೇಡ, ತಲೆನೋವು ಎಂದು ತೊದಲಿದ. ನೋವಿಗೆ ತಾನೇ ಒತ್ತೋದು ಎಂದು ಅವಳು ನಕ್ಕಳು. ಮಾವ ಕೂತ. ಬೆರಳು ನೆತ್ತಿಯ ಮೇಲೆ ಆಡುತ್ತಿದ್ದಷ್ಟು ಹೊತ್ತೂ ಬೆವರಿದ. ಇನ್ನೊಂದು ಸಲಕ್ಕೆ ಏನಾದೀತು ಎಂದು ತನಗೆ ತಾನೇ ಸಮಾಧಾನ ಹೇಳಿಕೊಂಡ. ಹಾಗೆ ಹೇಳಿಕೊಂಡದ್ದು ನೆನೆದು ರಾತ್ರಿಯೆಲ್ಲ ತನ್ನ ಮೇಲೇ ಹೇಸಿಗೆಪಟ್ಟ.

ಬೆಳಗ್ಗೆ ಇಬ್ಬರನ್ನೂ ಕೂರಿಸಿ ಎಲ್ಲವನ್ನೂ ಹೇಳಿದ. ಮಗಳು ತನ್ನ ಅಂಗೈ ನೋಡಿಕೊಂಡಳು.

"ನಿಂಗೆ ಯಾವಾಗ ನೆನಪಾಯ್ತು?"

ಈಗಷ್ಟೇ ಎನ್ನಬಹುದಿತ್ತು. "ನಿನ್ನೆ ಮಧ್ಯಾಹ್ನ," ಎಂದ ಮಾವ.

"ಸಂಜೆ ಒತ್ತಿದೆನಲ್ಲಪ್ಪಾ," ಎಂದಳು. ಹೆಂಡತಿ ಆಣೆಯ ಮಾತನ್ನೇ ಎತ್ತಲಿಲ್ಲ. ಅವಳು ಬೈಯದೇ ಇದ್ದದ್ದು ಮಾವನಿಗೆ ಇನ್ನಷ್ಟು ಭಯ ಹುಟ್ಟಿಸಿತು.

ಮೂವರೂ ಕ್ಲಿನಿಕ್ಕಿಗೆ ಓಡಿದರು. ಇದು ಪ್ರಯೋಗ, ಅರ್ಧ ಜನಕ್ಕೆ ಕೊಟ್ಟದ್ದು ನಿಜವಾದ ಔಷಧ, ಉಳಿದರ್ಧಕ್ಕೆ ಬರೀ ಜಿಡ್ಡು, ಯಾರಿಗೆ ಯಾವುದು ಎಂದು ನನಗೂ ಗೊತ್ತಿಲ್ಲ ಎಂದರು ಡಾಕ್ಟರು. ಔಷಧದ ಕಂಪನಿಯವರನ್ನು ಕೇಳಿ ತಿಳಿಯಲು ಕೆಲವು ದಿನ ಹಿಡಿಯುತ್ತದಂತೆ. ಮಗುವನ್ನು ಸ್ಕ್ಯಾನಿನಲ್ಲಿ ನೋಡಿ ಏನಾದರೂ ಹೇಳಲು ಈಗಲೇ ಆಗುವುದಿಲ್ಲವಂತೆ. ಮಾವ ಅಂದಿನಿಂದ ಒಂದನ್ನೇ ಬೇಡಿಕೊಂಡ: ತನಗೆ ಸಿಕ್ಕಿದ್ದು ಬರೀ ಜಿಡ್ಡಾಗಿರಲಿ, ತಲೆ ಸಾಯುವ ತನಕ ಬೋಳಾಗಿಯೇ ಇರಲಿ. ಕನ್ನಡಿ ಕಂಡರೆ ಮುಖ ತಿರುಗಿಸತೊಡಗಿದ. ಸ್ಟುಡಿಯೋದಲ್ಲೂ ಟೋಪಿ ತೆಗೆಯಲಿಲ್ಲ.

ಮಗಳು ಅವನ ಹತ್ತಿರ ಸುಳಿಯುವುದನ್ನೇ ಬಿಟ್ಟಿದ್ದಳು. ಕ್ಲಿನಿಕ್ಕಿನಿಂದ ಇನ್ನೂ ಸುದ್ದಿ ಬಾರದಿದ್ದ ಒಂದು ಬೆಳಗ್ಗೆ ತಾನಾಗಿಯೇ ಬಂದು, ಟೋಪಿ ತೆಗೆದು ಬಾಗಿಲ ಬೆಳಕಿಗೆ ಬಾ ಎಂದು ಕರೆದಳು. ಮಾವ ಹೊಸ್ತಿಲಲ್ಲಿ ಕೂತು ಕಣ್ಣು ಮುಚ್ಚಿದ. ಅವಳು ಎರಡೂ ಕೈಯನ್ನು ಬೆನ್ನ ಹಿಂದೆ ಕಟ್ಟಿಕೊಂಡು ಅವನ ನೆತ್ತಿಯ ಮೇಲೆ ಬಾಗಿದಳು.

"ಹೇಳಮ್ಮ," ಎಂದ ಮಾವ.

"ಬರ್ತಿದೆ ಅಪ್ಪ," ಎಂದಳು ಮಗಳು. "ತುಂಬಾ ಚೆನ್ನಾಗಿ ಬರ್ತಿದೆ."