ಬಣ್ಣ ಬೇರೆಯಾಗಿದ್ದ ಸ್ಪೀಕರ್

ಹೆಂಡತಿಗೆ ಕಿವಿ ಮಂದವಾದ ಮೇಲೆ ನಮ್ಮ ಟಿವಿ ಅವಳ ಪಾಲಿಗೆ ಬರೀ ಚಿತ್ರವಾಯಿತು. ಸದ್ದು ಕೇಳುತ್ತದೆ, ಮಾತು ತಿಳಿಯುವುದಿಲ್ಲ ಎನ್ನುತ್ತಿದ್ದಳು. ಒಳ್ಳೆಯ ಸ್ಪೀಕರ್ ಹಾಕಿಸಿದರೆ ಸರಿಹೋದೀತು ಎಂದುಕೊಂಡೆ. ಶಾಲಾ ಮಾಸ್ತರನ ಪಿಂಚಣಿಯಲ್ಲಿ ಹತ್ತು ಸಾವಿರದ ಮೇಲೆ ಹೋಗುವಂತಿರಲಿಲ್ಲ.

ನಮ್ಮ ಊರು ಪೆರ್ಲದಿಂದ ಬಸ್ಸು ಹತ್ತಿ ಇಬ್ಬರೂ ಕಾಸರಗೋಡಿನ ದೊಡ್ಡ ಅಂಗಡಿಯೊಂದಕ್ಕೆ ಹೋದೆವು. ಗಾಜಿನ ಕೋಣೆಯಲ್ಲಿ ಕೂರಿಸಿ, ಐದು ಸಣ್ಣ ಸ್ಪೀಕರು, ಒಂದು ದಪ್ಪ ಪೆಟ್ಟಿಗೆ ಇರುವ ಹೋಮ್ ಥಿಯೇಟರ್ ಹಾಕಿ ತೋರಿಸಿದರು. ಬಾಂಬು ಸಿಡಿದ ಸದ್ದಿಗೆ ನನ್ನ ಎದೆ ನಡುಗಿತು.

"ವಾರ್ತೆ ಹಾಕಿ ನೋಡುವಾ" ಎಂದೆ.

"ಇದರಲ್ಲಿ ಡೆಮೋ ಮಾತ್ರ ಇರುವುದು ಸಾರ್" ಎಂದ ಅಂಗಡಿಯ ಹುಡುಗ.

ಮಾತು ಕೇಳಿಸಲು ಇವರಿಗೆ ಯಾಕೆ ಮನಸ್ಸಿಲ್ಲ? ಒಂದು ಸ್ಪೀಕರನ್ನು ಎತ್ತಿ ನೋಡಿದೆ. ಖಾಲಿ ಡಬ್ಬಿಯಷ್ಟು ಹಗುರ. ಎದ್ದು ಬಂದೆವು.

ಪೆರ್ಲ ಪೇಟೆಯಲ್ಲೇ ಒಂದು ರಿಪೇರಿ ಅಂಗಡಿ ಉಂಟು. ಅದರ ಯಜಮಾನರು ನಮ್ಮ ಕರಾವಳಿಯ ಬ್ಯಾರಿ ಮುಸಲ್ಮಾನರು, ಗಲ್ಫಿನಲ್ಲಿ ಹಲವು ವರ್ಷ ಸಭಾಂಗಣಗಳಿಗೆ ಸೌಂಡ್ ಜೋಡಿಸಿ ಬಂದವರು. ಮರುದಿನ ಅಲ್ಲಿಗೆ ಹೋಗಿ, ಕಾಸರಗೋಡಿನಲ್ಲಿ ನೋಡಿದ್ದನ್ನೂ ನನ್ನ ಹತ್ತು ಸಾವಿರದ ಲೆಕ್ಕವನ್ನೂ ಅವರಿಗೆ ಹೇಳಿದೆ.

"ಐದು ಎಂತಕ್ಕೆ ಮಾಷ್ಟ್ರೆ? ಆ ದುಡ್ಡಿಗೆ ಐದು ಬೇಕೆಂದರೆ ಐದೂ ಲೊಟ್ಟೆ ಮಾಲೇ ಸಿಗುವುದು. ಮಾತು ಕೇಳಲಿಕ್ಕೆ ಒಳ್ಳೆಯದು ಎರಡು ಸಾಕು."

ಅವರು ತೋರಿಸಿದ್ದು ಮರದ ಪೆಟ್ಟಿಗೆಯ ಹಳೆಯ ಜೋಡಿ, ಜೊತೆಗೊಂದು ಸಣ್ಣ ಆಂಪ್ಲಿಫೈಯರ್. ಅಷ್ಟು ಒಳ್ಳೆಯದಾದರೆ ಮೊದಲಿನವನು ಯಾಕೆ ಮಾರಿದ? ಅವರು ವಿವರಿಸುತ್ತಲೇ ಇದ್ದರು. ನಾನು ಅವರ ಮುಖದಲ್ಲಿ ಮೋಸದ ಸುಳಿವು ಹುಡುಕುತ್ತಿದ್ದೆ.

"ಈಗ ದುಡ್ಡು ಬೇಡ. ಒಂದು ವಾರ ಮನೆಯಲ್ಲಿ ಕೇಳಿ ನೋಡಿ" ಎಂದರು. ಅದು ನನ್ನ ಸಂಶಯವನ್ನು ಇನ್ನಷ್ಟು ಹೆಚ್ಚಿಸಿತು.

ಮನೆಯಲ್ಲಿ ಹೆಂಡತಿ ವಾರ್ತೆ ಕೇಳುತ್ತ ಕುಳಿತರೆ, ನಾನು ಟಾರ್ಚು ಹಿಡಿದು ಸ್ಪೀಕರಿನ ಸುತ್ತ ತಿರುಗಿದೆ. ಮೂರನೆಯ ದಿನ ಮುಂದಿನ ಬಟ್ಟೆಯ ಮುಚ್ಚಳ ತೆಗೆದೆ. ಒಂದರೊಳಗೆ ಸದ್ದು ಹೊರಡಿಸುವ ಕಾಗದದ ಕೋನು ಕಪ್ಪು, ಇನ್ನೊಂದರದು ಬೂದು. ಸಿಕ್ಕಿಬಿದ್ದ ಎಂದು ಖುಷಿಯೇ ಆಯಿತು. ಹೆಂಡತಿಯನ್ನೂ ಕರೆದುಕೊಂಡು ಅಂಗಡಿಗೆ ನಡೆದೆ.

"ಒಂದು ಬದಲಾಯಿಸಿದ್ದು ಯಾಕೆ ಹೇಳಲಿಲ್ಲ?" ಎಂದು ಕೇಳಿದೆ.

ಅವರು ನನ್ನನ್ನು ನೋಡಿದರು, ಆಮೇಲೆ ನನ್ನ ಹೆಂಡತಿಯನ್ನು.

"ಹೇಳಿದ್ದಾರೆ" ಎಂದಳು ಅವಳು. "ಒಂದು ಹರಿದಿತ್ತು, ಹೊಸತು ಹಾಕಿದ್ದೇನೆ, ಬಣ್ಣ ಮಾತ್ರ ಬೇರೆ ಅಂತ. ನಾನು ತುಟಿ ನೋಡಿಯೇ ತಿಳಿದುಕೊಂಡೆ. ನಿಮಗೆ ಕಿವಿ ಇದ್ದೂ ಕೇಳಲಿಲ್ಲವಾ?"

ನನಗೆ ತಲೆಯೆತ್ತಲು ಆಗಲಿಲ್ಲ. ಅವರು ನಗಲೂ ಇಲ್ಲ, ಬೇಸರಿಸಲೂ ಇಲ್ಲ. "ಬೇಡದಿದ್ದರೆ ವಾಪಸು ತನ್ನಿ ಮಾಷ್ಟ್ರೆ, ತೊಂದರೆ ಇಲ್ಲ" ಎಂದರು.

ಅಲ್ಲೇ ದುಡ್ಡು ಕೊಟ್ಟೆ. ಹೊರಡುವಾಗ ಅವರು, "ಗೋಡೆಗೆ ತಾಗಿಸಿ ಇಡಬೇಡಿ, ಒಂದು ಗೇಣು ಮುಂದೆ ತನ್ನಿ. ಅಕ್ಕನಿಗೆ ಮಾತು ಇನ್ನೂ ಸ್ಪಷ್ಟ ಆಗ್ತದೆ" ಎಂದರು.

ಅದನ್ನೂ ನಾನು ಪೂರ್ತಿ ನಂಬಲಿಲ್ಲ. ಹೆಂಡತಿ ನೆರೆಮನೆಗೆ ಹೋಗಿದ್ದಾಗ ಒಂದು ಗೇಣು ಮುಂದಕ್ಕೆ ಎಳೆದಿಟ್ಟು ವಾರ್ತೆ ಹಾಕಿದೆ. ಹಿಂದಕ್ಕೆ ತಳ್ಳಿ ಮತ್ತೊಮ್ಮೆ ಕೇಳಿದೆ. ಅವರು ಹೇಳಿದ್ದೇ ಸರಿಯಿತ್ತು. ಮತ್ತೆ ಮುಂದಕ್ಕೆಳೆದು, ಹೆಂಡತಿ ಬರುವ ಮೊದಲೇ ಟಿವಿ ಆರಿಸಿದೆ.